ತಿಥಿ ಅಡಿಗೆಯವನ ಮೂಗು

ಮದುವೆ ಅಡಿಗೆಯನ್ನು ಯಾರು ಬೇಕಾದರೂ ಮಾಡಿಯಾರು. ಜೊತೆಗೆ ಹತ್ತು ಜನ ಇರುತ್ತಾರೆ, ಸೌಟಿನಿಂದ ಎರಡು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಬಹುದು, ಉಪ್ಪು ಕಮ್ಮಿಯಾಗಿದ್ದರೆ ಇನ್ನೊಂದು ಹಿಡಿ ಎರಚಿದರೆ ಮುಗಿಯಿತು. ತಿಥಿ ಅಡಿಗೆ ಹಾಗಲ್ಲ ಸ್ವಾಮಿ. ಬ್ರಾಹ್ಮಣರ ಎಲೆಗೆ ಬೀಳುವ ಮೊದಲು ಅಡಿಗೆಯವನ ನಾಲಿಗೆಗೆ ಒಂದು ಅಗುಳು ಸೋಕಿದರೂ ಮಾಡಿದ್ದಷ್ಟೂ ಎಂಜಲು. ಸತ್ತವರು ವರ್ಷಕ್ಕೊಂದು ದಿನ ಹಸಿದುಕೊಂಡು ಬರುತ್ತಾರೆ, ಅವರ ಮುಂದೆ ಎಂಜಲು ಇಡುವುದುಂಟೇ? ಹಾಗಾಗಿ ತಿಥಿ ಅಡಿಗೆಯವನಿಗೆ ಗತಿ ಒಂದೇ, ಮೂಗು. ಮೂಸುವುದೂ ಕೂಡದು ಎನ್ನುವ ಮಹಾ ಮಡಿವಂತರಿದ್ದಾರೆ, ಇಲ್ಲವೆಂದಲ್ಲ. ಆದರೆ ಹಬೆ ತಾನಾಗಿ ಎದ್ದುಬಂದು ಮೂಗಿಗೆ ಹೊಕ್ಕರೆ ಪಾಪ ಅವನೇನು ಮಾಡುತ್ತಾನೆ!

ಸೇತುರಾಮ ಇಪ್ಪತ್ತಾರು ವರ್ಷ ಹೀಗೆ ಮೂಗಿನಿಂದಲೇ ಬೇಯಿಸಿದವನು. ಮೊದಲು ಬಸವನಗುಡಿಯ ಹಳೆಯ ಮನೆಗಳು, ಜಯನಗರ ಎದ್ದಮೇಲೆ ಅಲ್ಲಿಯ ಹೊಸ ಮನೆಗಳು, ಎಲ್ಲ ಕಡೆಯ ತಿಥಿಗೂ ಅವನೇ ಬರಬೇಕು. ಹುಳಿಯ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, "ಇನ್ನರ್ಧ ಚಮಚ ಉಪ್ಪು" ಎನ್ನುತ್ತಿದ್ದ. ಅರ್ಧ ಚಮಚ ಎಂದರೆ ಅರ್ಧ ಚಮಚವೇ. ಅವನ ಹೆಂಡತಿ ವಾರಿಜಾ ಮದುವೆಯಾದ ಹೊಸದರಲ್ಲಿ ಇದನ್ನು ನಂಬದೆ, ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಒಲೆಯ ಮೇಲಿಟ್ಟು ಸುಮ್ಮನಿದ್ದಳು. ನಡುಮನೆಯಲ್ಲಿ ಕೂತಿದ್ದವನು ಅಲ್ಲಿಂದಲೇ "ಉಪ್ಪು ಮರೆತ್ಯೇನೇ?" ಎಂದು ಕೂಗಿದ್ದ. ಆವತ್ತಿನಿಂದ ಗಂಡನ ಮೂಗಿನ ವಿಷಯದಲ್ಲಿ ಅವಳಿಗೆ ಎಲ್ಲಿಲ್ಲದ ಜಂಬ. ಮಕ್ಕಳಿಲ್ಲದ ಮನೆ, ಜಯನಗರ ಒಂದನೇ ಬ್ಲಾಕಿನಲ್ಲಿ ಯಾರದೋ ಬಂಗಲೆಯ ಹಿಂದಿನ ಎರಡು ಕೋಣೆಯ ಔಟ್‌ಹೌಸು, ಜಂಬಪಡಲಿಕ್ಕೆ ಅವಳಿಗೆ ಬೇರೆ ಏನಿತ್ತು ಹೇಳಿ?

ಅಂಥ ಮೂಗಿಗೇ ಕೇಡು ಬಂತು. ಮೊದಮೊದಲು ನೆಗಡಿ ಎಂದರು. ನೆಗಡಿಯಾದರೆ ಎಂಟು ದಿನಕ್ಕೆ ಹೋಗಬೇಕು, ಇದು ವರ್ಷಗಟ್ಟಲೆ ಮನೆಯಳಿಯನ ಹಾಗೆ ಉಳಿದುಬಿಟ್ಟಿತು. ಬೆಳಿಗ್ಗೆ ಎದ್ದರೆ ಹಣೆ ಎತ್ತಲಾರದಷ್ಟು ಭಾರ. ಒಲೆಯ ಮುಂದೆ ಬಗ್ಗಿದರೆ ಕಣ್ಣಿನ ಕೆಳಗೆ ಕುಟುಕಿದಂಥ ನೋವು, ಮೇಲಿನ ಹಲ್ಲಿನ ಸಾಲೆಲ್ಲ ಜುಮುಗುಟ್ಟುವುದು, ಗಂಟಲಿಗೆ ಸದಾ ಇಳಿಯುವ ಕೀವು. ವಾರಿಜಾ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದಳು. ನೀಲಗಿರಿ ಎಲೆ ಕುದಿಸಿ ಕಂಬಳಿ ಹೊದಿಸಿ ಹಬೆ ಕೊಟ್ಟಳು. ತುಂಬೆಸೊಪ್ಪಿನ ರಸ ಹಿಂಡಿ ಮೂಗಿಗೆ ಬಿಟ್ಟಳು, ಅವನು ಅಂಗಳದ ತುಂಬ ಕುಣಿದಾಡಿದ. ಅಮೃತಾಂಜನ ಹಚ್ಚಿ ಹಚ್ಚಿ ಹಣೆಯ ಚರ್ಮ ಸುಲಿದುಹೋಯಿತು. ಹಬೆ ತೆಗೆದುಕೊಂಡ ಮೇಲೆ ಒಂದೆರಡು ಗಂಟೆ ಮೂಗು ಬಿಡುತ್ತಿತ್ತು, ಆ ಎರಡು ಗಂಟೆಯಲ್ಲೇ ತಿಥಿಯ ಹದ ನೋಡಿ ಮುಗಿಸುತ್ತಿದ್ದ. ಬರಬರುತ್ತ ಎರಡು ಗಂಟೆ ಅರ್ಧ ಗಂಟೆಯಾಯಿತು. ಅರವತ್ತೊಂದನೇ ಇಸವಿಯ ದೀಪಾವಳಿಯ ಹೊತ್ತಿಗೆ ಅದೂ ನಿಂತಿತು.

ಸರ್ಕಾರಿ ಆಸ್ಪತ್ರೆಯ ಮೂಗಿನ ಡಾಕ್ಟರು ತಿರುಮಲೇಶ್ ಹಣೆಗೆ ಕನ್ನಡಿ ಕಟ್ಟಿಕೊಂಡು, ಮೂಗನ್ನು ಚಿಮಟದಲ್ಲಿ ಅಗಲಿಸಿ ನೋಡಿದರು.

"ಒಳಗೆ ದುರ್ಮಾಂಸ ಬೆಳೆದಿದೆ. ಕೆನ್ನೆ ಎಲುಬಿನ ಹಿಂದೆ ಗೂಡಿರತ್ತೆ, ಸೈನಸ್ ಅಂತೀವಿ, ಅದರ ತುಂಬ ಕೀವು. ಆಪರೇಷನ್ ಮಾಡ್ಬೇಕು."

"ವಾಸನೆ ಬರತ್ತಾ ಡಾಕ್ಟ್ರೇ?" ಎಂದು ಕೇಳಿದ ಸೇತುರಾಮ. ನೋವು ಹೋಗುತ್ತದೆಯೇ ಎಂದು ಕೇಳಲಿಲ್ಲ.

"ನೋವು ಹೋಗತ್ತೆ, ಉಸಿರಾಟ ಸರಾಗ ಆಗತ್ತೆ. ವಾಸನೆ ಮಾತ್ರ ನಾನು ಮಾತು ಕೊಡಕ್ಕಾಗಲ್ಲ. ತುಂಬ ವರ್ಷ ಬಿಟ್ಕೊಂಡು ಬಂದಿದೀರಿ. ಆದ್ಮೇಲೆ ಎರಡು ಮೂರು ತಿಂಗಳು ನೋಡೋಣ, ಅಷ್ಟರಲ್ಲಿ ಬಂದ್ರೆ ಬಂತು."

ಮೇಲ್ದುಟಿ ಎತ್ತಿ, ವಸಡಿನ ಮೇಲೆ ಕುಯ್ದು ಮಾಡಿದರು. ಎಚ್ಚರವಿದ್ದಾಗಲೇ. ಮರಗಟ್ಟಿಸುವ ಮದ್ದಿನಲ್ಲಿ ಅದ್ದಿದ ಬಟ್ಟೆ ತುರುಕಿ, ಎಲುಬಿಗೆ ಉಳಿ ಇಟ್ಟು ಬಡಿದರಂತೆ. "ನೋವಿಲ್ಲ ಕಣೇ, ಸದ್ದು. ತಲೆಯೊಳಗೆ ಯಾರೋ ಕೂತು ಬಾಗಿಲು ಒಡೀತಿದ್ದ ಹಾಗಿತ್ತು" ಎಂದು ಆಮೇಲೆ ಹೇಳಿದ. ವಾರ್ಡಿಗೆ ತಂದು ಮಲಗಿಸಿದಾಗ ವಾರಿಜಾಗೆ ಗುರುತೇ ಹತ್ತಲಿಲ್ಲ. ಕೆನ್ನೆ ಬೂದುಗುಂಬಳದಂತೆ ಊದಿಕೊಂಡು, ಕಣ್ಣು ಕಪ್ಪಾಗಿ ಮುಚ್ಚಿಹೋಗಿ, ಎರಡು ಹೊಳ್ಳೆಗೂ ಬಟ್ಟೆ ಗಿಡಿದು, ಬಾಯಲ್ಲಿ ಉಸಿರಾಡುತ್ತ ಮಲಗಿದ್ದ. ತುಟಿ ಒಣಗಿ ಬಿರಿದಿತ್ತು. ಅವಳು ಎರಡು ದಿನ ಹತ್ತಿಯನ್ನು ನೀರಿನಲ್ಲಿ ಅದ್ದಿ ಅದ್ದಿ ತುಟಿಗೆ ಒತ್ತುತ್ತ ಕೂತಳು.

ಮೂರನೇ ದಿನ ನರ್ಸಮ್ಮ ಬಂದು ಬಟ್ಟೆ ಎಳೆಯಲು ಶುರುಮಾಡಿದಳು. ವಾರಿಜಾ ತಟ್ಟೆ ಹಿಡಿದುಕೊಂಡಿದ್ದಳು. ಒಂದು ಗೇಣು, ಎರಡು ಗೇಣು, ಒಂದು ಮೊಳ... ಅಯ್ಯೋ ಶಿವನೇ, ಮುಗಿಯುತ್ತಲೇ ಇಲ್ಲ! ರಕ್ತ ಹೆಪ್ಪುಗಟ್ಟಿದ ಬಟ್ಟೆಯ ಪಟ್ಟಿ ಸುರುಳಿ ಸುರುಳಿಯಾಗಿ ತಟ್ಟೆ ತುಂಬಿತು. ಸೇತುರಾಮ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು ಕಣ್ಣಿಂದ ನೀರು ಸುರಿಸುತ್ತಿದ್ದ. ಕೊನೆಯ ತುಂಡು ಹೊರಗೆ ಬಂದಮೇಲೆ ಎಷ್ಟೋ ವರ್ಷದ ಮೇಲೆ ಗಾಳಿ ಸಲೀಸಾಗಿ ಒಳಗೆ ಹೋಯಿತು. ಅವನು ಎದೆಯ ತುಂಬ ಎಳೆದುಕೊಂಡ. ಮತ್ತೆ ಎಳೆದುಕೊಂಡ. ಆಸ್ಪತ್ರೆಯೆಂದರೆ ಡೆಟಾಲು, ಫಿನಾಯಿಲು, ಪಕ್ಕದ ಮಂಚದವನ ಹುಣ್ಣು, ವಾರಿಜಾಗೇ ಹೊಟ್ಟೆ ತೊಳೆಸುತ್ತಿತ್ತು. ಅವನು ಅವಳ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದ.

ಮನೆಗೆ ಬಂದಮೇಲೆ ಪಥ್ಯ. ಮೂಗು ಸೀಟಬಾರದು, ಬಗ್ಗಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಆರು ವಾರ ಒಲೆಯ ಹೊಗೆ ಸೋಕಬಾರದು. ದಿನಕ್ಕೆ ನಾಲ್ಕು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು, ಹಕ್ಕಳೆ ಹಕ್ಕಳೆಯಾಗಿ ಕಪ್ಪು ರಕ್ತ ಬೀಳುತ್ತಿತ್ತು. ಮೇಲಿನ ಹಲ್ಲುಗಳು ಬೇರೆ ಯಾರವೋ ಎಂಬಂತೆ ಜೋಮು ಹಿಡಿದಿದ್ದವು. ಇದನ್ನೆಲ್ಲ ಅವನು ಚಾಚೂ ತಪ್ಪದೆ ಮಾಡಿದ. ಊಟ ಮಾತ್ರ ಮಾಡಲೊಲ್ಲ. ಉಪ್ಪು, ಹುಳಿ, ಖಾರ, ಸಿಹಿ ಇಷ್ಟೇ ನಾಲಿಗೆಗೆ ಗೊತ್ತಾಗುವುದು, ಉಳಿದದ್ದೆಲ್ಲ ಮೂಗಿನದು ಎಂದು ಡಾಕ್ಟರು ಹೇಳಿದ್ದು ನಿಜವಾಯಿತು. ನಾಲ್ಕು ತುತ್ತು ತಿಂದು "ಮಣ್ಣು ಕಣೇ, ಉಪ್ಪು ಹಾಕಿದ ಮಣ್ಣು" ಎಂದು ಎಲೆ ಬಿಟ್ಟು ಏಳುತ್ತಿದ್ದ. ಇಡೀ ಹಗಲು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ದಿನಾ ಬೆಳಿಗ್ಗೆ ಪರೀಕ್ಷೆ ಮಾತ್ರ ತಪ್ಪಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂರುವುದು, ವಾರಿಜಾ ಒಂದು ಚಮಚದಲ್ಲಿ ಏನನ್ನಾದರೂ ಮೂಗಿನ ಕೆಳಗೆ ಹಿಡಿಯುವುದು. ಜೀರಿಗೆ. ಮೆಣಸು. ತುಪ್ಪ. "ಇಲ್ಲ" ಎನ್ನುತ್ತಿದ್ದ. ಇನ್ನೊಂದು. "ಇಲ್ಲ ಕಣೇ." ಒಂದು ತಿಂಗಳು ಕಳೆಯಿತು, ಒಂದೂವರೆಯಾಯಿತು. ಒಂದು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತವನು ತಣ್ಣಗೆ ಹೇಳಿದ: "ಮೂಗಿಲ್ಲದ ಅಡಿಗೆಯವನು ಇದ್ರೆಷ್ಟು, ಬಿಟ್ರೆಷ್ಟು. ಲಾಲ್‌ಬಾಗಿನ ಕೆರೆ ಏನು ದೂರ ಇಲ್ಲ."

"ಬಿಡ್ತು ಅನ್ನಿ!" ಎಂದು ವಾರಿಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ಅನ್ನಲಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಮಚದಲ್ಲಿ ಹಿಡಿದದ್ದು ಮೆಂತ್ಯದ ಪುಡಿ. ಅವನು ತುಂಬ ಹೊತ್ತು ಎಳೆದುಕೊಂಡ. ಹುಬ್ಬು ಗಂಟಿಕ್ಕಿತು. "ಕಾಫಿಪುಡಿ ಏನೇ?" ಎಂದ, ಕೇಳಿಯೂ ಕೇಳದ ಹಾಗೆ.

ಕಣ್ಣು ಇನ್ನೂ ಮುಚ್ಚಿಯೇ ಇತ್ತು. ವಾರಿಜಾ ಆ ಸೊರಗಿದ ಮುಖ ನೋಡಿದಳು.

"ಹೌದೂಂದ್ರೆ!" ಎಂದಳು.

ಎಂದದ್ದೇ ತಡ, ಅವನು ಕಣ್ಣುಬಿಡುವಷ್ಟರಲ್ಲಿ ಚಮಚವನ್ನು ಸೆರಗಿನಡಿಗೆ ಸೇರಿಸಿದ್ದಳು. ಅವನ ಮುಖದ ಮೇಲೆ ಬಂದ ಕಳೆ ನೋಡಬೇಕಿತ್ತು. ಆವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಇಂಥ ಸುಳ್ಳನ್ನು ಒಂದೇ ದಿನಕ್ಕೆ ನಿಲ್ಲಿಸುವ ಹೆಂಡತಿ ಯಾವ ಊರಿನಲ್ಲಿದ್ದಾಳೆ? ಮಾರನೆಯ ದಿನ ಕೊತ್ತಂಬರಿ ಬೀಜಕ್ಕೆ "ಏಲಕ್ಕಿ" ಎಂದ, ಹೌದು ಎಂದಳು. ಅಕ್ಕಿಹಿಟ್ಟಿಗೆ "ತುಪ್ಪ" ಎಂದ, ಅದಕ್ಕೂ ಹೌದು ಎಂದಳು. ದಿನಾ ಹೌದು ಎಂದರೆ ಅನುಮಾನ ಬಂದೀತೆಂದು ನಡುನಡುವೆ ಒಂದೊಂದು ಸಲ ಅಲ್ಲ ಎನ್ನುವುದನ್ನೂ ಕಲಿತಳು. ಇನ್ನೂ ಹದಿನೈದು ದಿನ ಇದೆ, ಡಾಕ್ಟರು ಹೇಳಿದ ಗಡುವು ಮುಗಿದಿಲ್ಲ, ಅಷ್ಟರಲ್ಲಿ ನಿಜವಾಗಿಯೇ ಬಂದುಬಿಟ್ಟರೆ ತನ್ನ ಸುಳ್ಳು ಹೇಳಹೆಸರಿಲ್ಲದೆ ಹೋಗುತ್ತದೆ ಎಂದುಕೊಂಡಳು.

ಅಷ್ಟರಲ್ಲಿ ಬಂದದ್ದು ಪುರೋಹಿತರು ಗಂಗಾಧರಯ್ಯ.

"ಏನಯ್ಯ ಸೇತುರಾಮ, ಮುಖ ನೆಟ್ಟಗಾಯ್ತಲ್ಲ! ಮೂರನೇ ಬ್ಲಾಕಿನ ರಾಮಪ್ರಸಾದರ ತಾಯಿ ಲಕ್ಷ್ಮಿದೇವಮ್ಮನೋರ ವರ್ಷದ ತಿಥಿ, ಮಾಘ ಬಹುಳ ಪಂಚಮಿ. ಆಕೆ ಬದುಕಿದ್ದಾಗ ಏನನ್ನೋರು ಗೊತ್ತಲ್ಲ? ನನ್ನ ತಿಥಿಗೆ ಸೇತುರಾಮನ ಪಾಯಸ ಇಲ್ದೆ ಇದ್ರೆ ನಾನು ಬರೋದೇ ಇಲ್ಲ ಅಂತ. ಮಗ ಅದನ್ನೇ ಹಿಡ್ಕೊಂಡು ಕೂತಿದಾನೆ. ಮೂಗು ಹೇಗಿದೆ? ಆಗತ್ತೋ, ಬೇರೆಯವರಿಗೆ ಹೇಳ್ಲೋ?"

"ಬೇರೆಯವರಿಗ್ಯಾಕೆ? ಬಂದಿದೆಯಲ್ಲ, ಕೇಳಿ ಇವಳನ್ನ. ಹತ್ತಕ್ಕೆ ಎಂಟು ಹೇಳ್ತಿದೀನಿ" ಎಂದ ಸೇತುರಾಮ. ಇಬ್ಬರೂ ಅವಳ ಕಡೆ ತಿರುಗಿದರು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. "ಇನ್ನೊಂದು ತಿಂಗಳು ಸುಧಾರಿಸ್ಕೊಂಡ್ರೆ..." ಎಂದು ಅವಳು ತೊದಲಿದಳು.

"ಆರು ವಾರ ಅಂದಿದ್ರು, ಹತ್ತು ವಾರ ಆಯ್ತು. ಇನ್ನೇನೇ ಸುಧಾರಿಸ್ಕೊಳ್ಳೋದು?" ಎಂದು ಅವನು ನಕ್ಕ. ಗಂಗಾಧರಯ್ಯ ಹೋದಮೇಲೆ ಕನ್ನಡಿಯ ಮುಂದೆ ಕೂತು ಗಡ್ಡ ಹೆರೆದುಕೊಂಡ. ವಾರಿಜಾ ತನ್ನಷ್ಟಕ್ಕೆ ತಾನು ಸಮಾಧಾನ ಹೇಳಿಕೊಂಡಳು. ತಾನೂ ಜೊತೆಗೆ ಹೋಗುವವಳೇ, ರುಬ್ಬುವುದು ಹೆಚ್ಚುವುದು ತೊಳೆಯುವುದು ಯಾವಾಗಲೂ ತನ್ನದೇ, ಒಲೆಯ ಹತ್ತಿರದಿಂದ ಅಲುಗಾಡದಿದ್ದರಾಯಿತು. ಅವನಿಗೆ ಮೂಗಿಲ್ಲದಿದ್ದರೇನು, ನನಗಿದೆಯಲ್ಲ ಎಂದುಕೊಂಡಳು.

ತಿಥಿಯ ದಿನ ಬೆಳಿಗ್ಗೆ ಅವಳು ಎಣಿಸಿದ ಹಾಗೆಯೇ ನಡೆಯಿತು. ರಾಮಪ್ರಸಾದರ ಮನೆಯಲ್ಲಿ ಹಿಂದುಗಡೆ ತಿಥಿಗೆಂದೇ ಸೌದೆ ಒಲೆಯ ಅಡಿಗೆಮನೆ. ಸೇತುರಾಮ ಒದ್ದೆ ಪಂಚೆಯಲ್ಲಿ ಒಲೆಗಳ ನಡುವೆ ಓಡಾಡುತ್ತಿದ್ದ. ಮಡಿಯುಟ್ಟ ವಾರಿಜಾ ಹೊಸ್ತಿಲ ಹತ್ತಿರ ತರಕಾರಿ ಹೆಚ್ಚುತ್ತ, "ಹುಳಿ ಇಳಿಸಬೋದೇನೋ ನೋಡಿ", "ಸಾರಿಗೆ ಇನ್ನೊಂಚೂರು ಉಪ್ಪು ಬೇಕೇನೋ ಅಲ್ವಾ" ಎಂದು ಮೆಲ್ಲಗೆ ಹೇಳುತ್ತಿದ್ದಳು. "ನನಗೇ ಹೇಳಿಕೊಡ್ತೀಯಾ?" ಎಂದು ಅವನು ಹುಸಿಮುನಿಸು ತೋರಿಸುತ್ತಿದ್ದ. ಆದರೂ ಹೇಳಿದ್ದು ಮಾಡುತ್ತಿದ್ದ. ಚಿಕ್ಕಲಸಂದ್ರದ ಹಾಲಿನ ಬೈರಣ್ಣ ತಂದುಕೊಟ್ಟಿದ್ದ ಗಟ್ಟಿ ಹಸುವಿನ ಹಾಲು, ಹಳೆ ಅಕ್ಕಿ, ಪಾಯಸ ಹದವಾಗಿ ಕುದಿಯುತ್ತ ಮನೆಯೆಲ್ಲ ಘಮಘಮಿಸುತ್ತಿತ್ತು. ಮೂವರು ಬ್ರಾಹ್ಮಣರು ಬಂದು ಕೂತಾಗಿತ್ತು, ನಡುಮನೆಯಲ್ಲಿ ಗಂಗಾಧರಯ್ಯನವರ ಮಂತ್ರ ಶುರುವಾಗಿತ್ತು. ಇನ್ನರ್ಧ ಗಂಟೆ ಕಳೆದರೆ ಗೆದ್ದೆ ಎಂದು ವಾರಿಜಾ ಲೆಕ್ಕ ಹಾಕಿದಳು.

ಆಗ ವಡೆಯ ಹಿಟ್ಟು ಸಾಲದೆಂದು ಕಂಡಿತು. ಕಮಲಾದೇವಿ, ರಾಮಪ್ರಸಾದರ ಹೆಂಡತಿ, ನೆನೆದ ಉದ್ದಿನಬೇಳೆಯನ್ನು ಹಿತ್ತಲ ಒರಳಿಗೆ ಸುರಿಸಿದ್ದಳು. "ವಾರಿಜಮ್ಮ, ಬೇಗ ಒಂದು ಕೈ ತಿರುವಿಬಿಡಿ, ಹೊತ್ತು ಮೀರತ್ತೆ" ಎಂದಳು. ಇಲ್ಲ ಎನ್ನಲು ಏನು ನೆಪ? ಹೋಗಿ ಕೂತಳು. ಉದ್ದು ನುಣ್ಣಗಾಗುವ ಹೊತ್ತಿಗೆ ಹಿತ್ತಲ ಗಾಳಿಯಲ್ಲಿ ತೆಳ್ಳಗೆ ಒಂದು ವಾಸನೆ ಬಂತು. ಕೈ ನಿಂತಿತು. ಹಾಲು ತಳ ಹಿಡಿಯುವ ವಾಸನೆ.

ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು. ಇನ್ನೂ ಕಾಲ ಮಿಂಚಿರಲಿಲ್ಲ. ಅಡಿಗೆ ಬಲ್ಲವರಿಗೆಲ್ಲ ಗೊತ್ತು, ತಳ ಕೆದಕದೆ ಮೇಲಿನ ಪಾಯಸವನ್ನು ಮೆತ್ತಗೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಮುಕ್ಕಾಲು ಪಾಲು ಉಳಿಯುತ್ತದೆ. ಬಾಗಿಲಿಗೆ ಬಂದರೆ ಸೇತುರಾಮ ಪಾಯಸಕ್ಕೆ ಬೆನ್ನು ಹಾಕಿ ವಡೆ ಕರಿಯುತ್ತಿದ್ದ. ಒಳಬಾಗಿಲಲ್ಲಿ ರಾಮಪ್ರಸಾದ, ದೊಡ್ಡ ಆಫೀಸಿನ ದೊಡ್ಡ ಮನುಷ್ಯ, ಒದ್ದೆ ಪಂಚೆಯಲ್ಲಿ ಕೈಕಟ್ಟಿ ನಿಂತಿದ್ದ. ಕರಿಯುವ ಎಣ್ಣೆಯ ಹೊಗೆ ಕೋಣೆ ತುಂಬಿತ್ತು, ರಾಮಪ್ರಸಾದನಿಗೆ ಬೇರೇನೂ ತಿಳಿದ ಹಾಗಿರಲಿಲ್ಲ.

"ಎಲ್ಲ ಆಯ್ತಾ ಸೇತುರಾಮಯ್ಯನೋರೇ?"

"ಆಯ್ತು ಸ್ವಾಮಿ, ಬಡಿಸೋದೊಂದೇ. ನಾನಿನ್ನು ಸೌಟು ಹಿಡಿಯಲ್ಲ ಅಂತಿದ್ದೆ, ನಿಮ್ಮ ತಾಯಿಯೋರೇ ಮೂಗು ಕೊಡಿಸಿ ಕರೆಸ್ಕೊಂಡ್ರು ನೋಡಿ" ಎಂದ ಸೇತುರಾಮ. ಮೂರು ತಿಂಗಳಿನಿಂದ ಅವನ ದನಿ ಅಷ್ಟು ಸಲೀಸಾಗಿ ಹೊರಟದ್ದನ್ನು ಅವಳು ಕೇಳಿರಲಿಲ್ಲ. ರಾಮಪ್ರಸಾದನ ಕಣ್ಣು ತುಂಬಿತು.

ವಾರಿಜಾಳ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಈಗ ಹೇಳಿದರೆ? ಈ ಮನುಷ್ಯನ ಮುಂದೆ, ಈ ಮಾತಿನ ಮೇಲೆ? ರಾಮಪ್ರಸಾದ ಒಳಗೆ ಹೋಗಲಿ, ಹೇಳುತ್ತೇನೆ ಎಂದು ತಡೆದಳು. ಅವನು ಹೋಗಲು ತಿರುಗಿದ, ಅಷ್ಟರಲ್ಲೇ ಸೇತುರಾಮ ಉದ್ದನೆಯ ಸೌಟು ತೆಗೆದುಕೊಂಡು ಪಾಯಸದ ಪಾತ್ರೆಗೆ ಇಳಿಸಿ, ತಳದಿಂದ ಮೇಲಕ್ಕೆ ಚೆನ್ನಾಗಿ ನಾಲ್ಕು ಸುತ್ತು ತಿರುವಿದ. ಮುಗಿಯಿತು. ಸೀಕಲೆಲ್ಲ ಮೇಲೆ ಬಂದು ಬೆರೆತುಹೋಯಿತು. ಗಕ್ಕನೆ ಎದ್ದ ಆ ಕಮಟು ಹಬೆಗೆ ಅವನು ಮುಖ ಒಡ್ಡಿ, ಕಣ್ಣು ಮುಚ್ಚಿ, ತೃಪ್ತಿಯಿಂದ ತಲೆದೂಗಿದ.

ಬೆನ್ನ ಹಿಂದೆ ಕಮಲಾದೇವಿ ಬಂದು ನಿಂತಿದ್ದಳು. "ವಾರಿಜಮ್ಮ," ಎಂದು ಪಿಸುಗುಟ್ಟಿದಳು, "ಏನೋ ಸೀದ ಹಾಗಿದೆಯಲ್ಲ?"

"ಹಾಲು ಉಕ್ಕಿ ಒಲೆಗೆ ಬಿತ್ತು ಅಷ್ಟೇ, ಅಮ್ಮಾವ್ರೇ" ಎಂದಳು ವಾರಿಜಾ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ತಿಥಿಯೂಟಕ್ಕೊಂದು ಕಟ್ಟಳೆಯಿದೆ. ಉಣ್ಣುವ ಬ್ರಾಹ್ಮಣರು ಮಾತಾಡಕೂಡದು. ಅಡಿಗೆ ಚೆನ್ನಾಗಿದೆ ಎನ್ನಕೂಡದು, ಚೆನ್ನಾಗಿಲ್ಲ ಎಂದಂತೂ ಎನ್ನಲೇಕೂಡದು. ಗುಣ ಆಡಿದರೆ ಸತ್ತವರ ಊಟ ಅಲ್ಲಿಗೇ ನಿಂತಿತು ಎಂದು ನಂಬಿಕೆ. ಮನೆಯವರಿಗೂ ಇದೇ ನಿಯಮ, ಆ ದಿನವೆಲ್ಲ ಯಾರೂ ಅಡಿಗೆಯ ಸುದ್ದಿ ಎತ್ತುವ ಹಾಗಿಲ್ಲ. ಅಡಿಗೆಯವನಿಗಂತೂ ಇಪ್ಪತ್ತಾರು ವರ್ಷದಲ್ಲಿ ಒಂದು ತಿಥಿಯಲ್ಲೂ ಭೇಷ್ ಎಂಬ ಮಾತು ಕೇಳಿ ಅಭ್ಯಾಸವಿಲ್ಲ. ಹಾಗಾಗಿ ಸೇತುರಾಮನಿಗೆ ಆವತ್ತಿನ ಮೌನದಲ್ಲಿ ವಿಶೇಷವೇನೂ ಕಾಣಲಿಲ್ಲ.

ವಾರಿಜಾ ಬಾಗಿಲ ಸಂದಿಯಿಂದ ನೋಡಿದಳು. ತಾಯಿಯ ಜಾಗದಲ್ಲಿ ಕೂತಿದ್ದವರು ಎಪ್ಪತ್ತು ದಾಟಿದ ಮುದುಕರು. ಪಾಯಸದ ಮೊದಲ ತುತ್ತಿಗೆ ಅವರ ಕೈ ಬಾಯಿಯ ಹತ್ತಿರ ಒಂದು ಕ್ಷಣ ನಿಂತಿತು. ಆಮೇಲೆ ತಲೆ ತಗ್ಗಿಸಿ ನುಂಗಿದರು. ಎಲೆಯಲ್ಲಿ ಬಿಟ್ಟರೆ ಮಗನ ಕರ್ಮ ಕೆಡುತ್ತದೆ, ಆದ್ದರಿಂದ ಎಲ್ಲವನ್ನೂ ಬಳಿದು ಉಂಡರು. ಎಲೆ ಬರಿದಾದದ್ದು ಕಂಡು ಸೇತುರಾಮ ಇನ್ನೊಂದು ಸೌಟು ತಂದು ಸುರಿದ. ಕೈ ಅಡ್ಡ ಇಡುವಷ್ಟರಲ್ಲಿ ಸುರಿದೇಬಿಟ್ಟಿದ್ದ. ಅದನ್ನೂ ಉಂಡರು. ಗಂಗಾಧರಯ್ಯ ಒಂದು ಸಲ ಸೇತುರಾಮನ ಮುಖವನ್ನೇ ದಿಟ್ಟಿಸಿ, ಆಮೇಲೆ ಪುಸ್ತಕಕ್ಕೆ ಕಣ್ಣು ಇಳಿಸಿ, ದನಿ ಏರಿಸಿ ಮಂತ್ರ ಹೇಳತೊಡಗಿದರು. ಕೊನೆಯಲ್ಲಿ ರಾಮಪ್ರಸಾದ ವಿಧಿಯಂತೆ ತೃಪ್ತಿಯಾಯಿತೇ ಎಂದು ಕೇಳಿದ. ತೃಪ್ತಿಯಾಯಿತು ಎಂದರು ಮೂವರೂ, ವಿಧಿಯಂತೆ.

ಸೇತುರಾಮ ತಿಥಿ ಮನೆಗಳಲ್ಲಿ ಉಣ್ಣುವವನಲ್ಲ, ಅದು ಅವನ ನೇಮ. ಮನೆಯವರು ಊಟಕ್ಕೆ ಕೂತಾಗ ಅವನು ಒಲೆ ಆರಿಸಿ ನೆಲ ಬಳಿಯುತ್ತಿದ್ದ. ವಾರಿಜಾ ಪಾಯಸದ ಪಾತ್ರೆಯನ್ನು ಕದ್ದವಳಂತೆ ಹಿತ್ತಲ ಕಲ್ಲಿನ ಹತ್ತಿರ ಒಯ್ದು, ಬೂದಿ ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ಉಜ್ಜಿದಳು. ಬೆರಳು ಗಾತ್ರ ಕರಿ ಹಿಡಿದಿತ್ತು. ಉಜ್ಜಿದಳು, ಉಜ್ಜಿದಳು, ಉಗುರಿನಲ್ಲಿ ಕೆರೆದಳು, ಅದು ಜಪ್ಪಯ್ಯ ಎನ್ನಲಿಲ್ಲ.

"ಎಷ್ಟು ಹೊತ್ತೇ? ಕೊಡು ಇಲ್ಲಿ, ಪಾತ್ರೆ ಒಪ್ಪಿಸಿ ಹೊರಡೋಣ."

ಅವನು ಬೆನ್ನ ಹಿಂದೆ ನಿಂತಿದ್ದ. ಅವಳು ಪಾತ್ರೆಯನ್ನು ಬೋರಲು ಹಾಕಿದಳು. ಅವನು ಬಗ್ಗಿ ಎತ್ತಿಕೊಂಡ. ಬಿಸಿಲಿಗೆ ಹಿಡಿದು ಒಳಗೆ ನೋಡಿದ. ಬೆರಳು ಇಳಿಸಿ ತಳವನ್ನು ಮುಟ್ಟಿದ, ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದ. ಮತ್ತೆ ಮೂಸಿದ. ಆಮೇಲೆ ನಾಲಿಗೆಗೆ ಇಟ್ಟುಕೊಂಡ. ಕಹಿ.

"ಯಾವಾಗ ಬಂತು ವಾಸನೆ?" ಎಂದ.

ವಾರಿಜಾ ನೆಲ ನೋಡಿದಳು. "ರುಬ್ತಿದ್ದಾಗ" ಎಂದಳು.

"ನಾನು ತಿರುವೋಕೆ ಮುಂಚೆ?"

"ಹೂಂ."

"ಬಾಗಿಲಲ್ಲಿ ನಿಂತಿದ್ದೆಯಲ್ಲೇ. ನನಗೆ ಮೂಗಿರಲಿಲ್ಲ, ನಿನಗಿತ್ತಲ್ಲೇ!"

ಅವನು ಪಾತ್ರೆಯನ್ನು ಕೆಳಗಿಟ್ಟು ನೇರ ಒಳಗೆ ಹೋದ. ಅವಳು ಹಿಂದೆಯೇ ಓಡಿದಳು. ರಾಮಪ್ರಸಾದ ಊಟ ಮುಗಿಸಿ, ಮಾಲೆ ಹಾಕಿದ ತಾಯಿಯ ಫೋಟೋದ ಮುಂದೆ ಒಬ್ಬನೇ ಕೂತಿದ್ದ. ಸೇತುರಾಮ ಅವನ ಮುಂದೆ ದಢಕ್ಕನೆ ಉದ್ದಕ್ಕೆ ಬಿದ್ದ.

"ತಪ್ಪಾಯ್ತು ಸ್ವಾಮಿ. ಪಾಯಸ ಸೀದಿತ್ತು. ನನಗೆ ಮೂಗಿಲ್ಲ. ನಿಮ್ಮ ತಾಯಿಗೆ ಸೀದದ್ದು ಬಡಿಸ್ಬಿಟ್ಟೆ. ಬೈದುಬಿಡಿ, ಇಲ್ಲಾ ಕ್ಷಮಿಸಿದೆ ಅಂತ ಒಂದು ಮಾತು ಅನ್ನಿ."

ರಾಮಪ್ರಸಾದ ಕಾಲು ಹಿಂದಕ್ಕೆ ಎಳೆದುಕೊಂಡ. ಅವನ ದವಡೆ ಬಿಗಿದಿತ್ತು. "ಏಳಿ ಸೇತುರಾಮಯ್ಯನೋರೇ" ಎಂದ. "ಇವತ್ತು ಅಡಿಗೆ ವಿಷಯ ಆಡೋ ಹಾಗಿಲ್ಲ. ನಿಮಗೇ ಗೊತ್ತಿದೆಯಲ್ಲ. ಚೆನ್ನಾಗಿತ್ತು ಅನ್ನೋ ಹಾಗೂ ಇಲ್ಲ, ಇನ್ನೊಂದು ಅನ್ನೋ ಹಾಗೂ ಇಲ್ಲ. ಹೋಗ್ಬನ್ನಿ." ಅಷ್ಟು ಹೇಳಿ ಫೋಟೋದ ಕಡೆಗೆ ತಿರುಗಿಕೊಂಡ.

ಮೂರನೇ ಬ್ಲಾಕಿನಿಂದ ಒಂದನೇ ಬ್ಲಾಕಿಗೆ ಆಗಿನ್ನೂ ಖಾಲಿ ಸೈಟುಗಳ ಮಧ್ಯೆ ಕಾಲುದಾರಿ. ನಾಲ್ಕು ಗಂಟೆಯ ಬಿಸಿಲು. ಅಲ್ಲೊಂದು ಇಲ್ಲೊಂದು ಅರ್ಧ ಕಟ್ಟಿದ ಮನೆ, ಲಂಟಾನದ ಪೊದೆ. ಸೇತುರಾಮ ಮುಂದೆ, ಸೌಟು ಜಾಲರಿಗಳ ಚೀಲ ಹೊತ್ತ ವಾರಿಜಾ ಹತ್ತು ಹೆಜ್ಜೆ ಹಿಂದೆ. ಅವನು ಬೈಯಲಿ ಎಂದು ಅವಳು ಕಾದಳು. ಕೈ ಎತ್ತಿದರೂ ಸರಿ. ಅವನು ತಿರುಗಿಯೂ ನೋಡಲಿಲ್ಲ. ತಡೆಯಲಾರದೆ ಅವಳೇ ಬಾಯಿಬಿಟ್ಟಳು.

"ಏನೂಂದ್ರೆ, ನಿಂತ್ಕೊಳ್ಳಿ. ಎಲ್ಲ ಹೇಳಿಬಿಡ್ತೀನಿ. ಆವತ್ತು ಚಮಚದಲ್ಲಿದ್ದದ್ದು ಕಾಫಿಪುಡಿ ಅಲ್ಲ, ಮೆಂತ್ಯ. ಆಮೇಲೂ ಅಷ್ಟೇ. ಒಂದು ದಿನಾನೂ ನೀವು ಹೇಳಿದ್ದು ಸರಿ ಇರ್ಲಿಲ್ಲ. ನೀವು ಕೆರೆ ಗಿರೆ ಅಂದ್ರಲ್ಲ, ನನಗೆ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಸುಳ್ಳು ಹೇಳ್ದೆ. ನಿಮ್ಮ ಮೂಗು ಬಂದೇ ಇರ್ಲಿಲ್ಲ."

ಅವನು ನಿಂತ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಅದು ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಬಂದಿಲ್ಲ ಅಂತ ನನಗೆ ಗೊತ್ತಿರ್ಲಿಲ್ವೇನೇ?" ಎಂದ. "ಒಂದು ದಿನಾನೂ ಏನೂ ಬಂದಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ತಿದ್ದೆ. ನೀನು ಹೌದು ಅಂದೆ. ದಿನಾ ಹೌದು ಅಂದೆ. ಇನ್ಮೇಲೆ ನನಗೆ ವಾಸನೆ ಅಂದ್ರೆ ಇಷ್ಟೇ ಇರ್ಬೇಕು, ಗೊತ್ತೇ ಆಗದ ಹಾಗೆ ಬಂದು ಹೋಗತ್ತೆ ಇರ್ಬೇಕು ಅಂತ ತಿಳ್ಕೊಂಡೆ. ನನ್ನ ಮೂಗು ಇಲ್ಲ ಅಂತಿತ್ತು, ನೀನು ಇದೆ ಅಂತಿದ್ದೆ. ನಾನು ಮೂಗನ್ನ ಬಿಟ್ಟು ನಿನ್ನನ್ನ ನಂಬ್ದೆ ಕಣೇ."

ಇಷ್ಟು ಹೇಳಿ ಅವನು ಮುಂದೆ ನಡೆದ. ವಾರಿಜಾ ಚೀಲವನ್ನು ಹೊತ್ತುಕೊಂಡು ದಾರಿಯ ನಡುವೆಯೇ ನಿಂತಿದ್ದಳು.